ಬೀದಿ ಕಾಣುವ ಅಡುಗೆಮನೆ

ನಮ್ಮ ಯಜಮಾನರ ಅಕ್ಷರ ಬಹಳ ದುಂಡಗಿದೆ. ಹಾಸನದ ಒಂದು ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಎಷ್ಟು ಹುಡುಗರ ಅರ್ಜಿಗಳನ್ನು ತಾವೇ ತುಂಬಿಕೊಟ್ಟಿದ್ದಾರೋ ಲೆಕ್ಕವಿಲ್ಲ. ಕಾಗದದಲ್ಲಿ ಖಾಲಿ ಜಾಗ ಕಂಡರೆ ಸಾಕು, ಅವರ ಪೆನ್ನು ತಾನಾಗಿಯೇ ಜೇಬಿನಿಂದ ಈಚೆ ಬರುತ್ತದೆ. ಹಾಗಾಗಿ ನಮ್ಮ ಮನೆ ರಿಪೇರಿಯ ‘ಡಿಸೈನ್ ಬ್ರೀಫ್’ ಎಂಬ ಹಾಳೆಯಲ್ಲಿ, ಮನೆಯೊಡತಿಗೆ ಏನು ಬೇಕು ಎಂಬ ಪ್ರಶ್ನೆಯ ಮುಂದೆ ಆ ದುಂಡನೆಯ ಅಕ್ಷರ ಕಂಡಾಗ ನನಗೆ ಆಶ್ಚರ್ಯವಾಗಬಾರದಿತ್ತು. ‘ಚಿಮಣಿ ಇರುವ ಮಾಡ್ಯುಲರ್ ಅಡುಗೆಮನೆ, ಡಬ್ಬಿಗಳಿಗೆ ಸಾಕಷ್ಟು ಜಾಗ’ ಎಂದು ಬರೆದು ಕೆಳಗೊಂದು ಚೊಕ್ಕವಾದ ಗೆರೆಯನ್ನೂ ಎಳೆದಿದ್ದರು.

ಆಶ್ಚರ್ಯವೇನೂ ಆಗಲಿಲ್ಲ. ಸಿಟ್ಟು ಬಂತು.

ಹಾಳೆ ಕೊಟ್ಟವಳು ಸಿಂಚನ ಎಂಬ ಹುಡುಗಿ. ಅರಕಲಗೂಡಿನವಳು, ನನ್ನ ತವರಿನ ಕಡೆಯವಳು. ಆರ್ಕಿಟೆಕ್ಚರ್ ಓದು ಮುಗಿಸಿ ಹಾಸನದಲ್ಲೇ ಆಫೀಸು ತೆರೆದಿದ್ದಾಳೆ. ನಮ್ಮ ಮನೆ ಸೋರತೊಡಗಿ, ಸೂರು ಬಿಚ್ಚುವುದು ಹೇಗೂ ತಪ್ಪದು ಎಂದಾದಾಗ, ಬಿಚ್ಚುವುದಾದರೆ ಒಳಗೂ ಒಂದಿಷ್ಟು ಬದಲಾಯಿಸೋಣ ಎಂದು ಅವಳನ್ನು ಕರೆಸಿದ್ದೆವು. ಟೇಪು ಹಿಡಿದು ಮನೆಯೆಲ್ಲ ಅಳೆದ ಮೇಲೆ ಅವಳು ಒಂದು ಷರತ್ತು ಹಾಕಿದಳು. “ಆಂಟಿ, ಮನೇಲಿ ಇರೋರೆಲ್ಲ ಬೇರೆ ಬೇರೆಯಾಗಿ ಬರೀಬೇಕು. ಆಮೇಲೆ ಎಲ್ಲರೂ ಒಂದೇ ಹಾಳೆಗೆ ಸೈನ್ ಮಾಡ್ಬೇಕು. ಅಲ್ಲೀತನಕ ನಾನು ಒಂದು ಗೆರೆ ಕೂಡ ಎಳೆಯಲ್ಲ. ಗೋಡೆ ಎದ್ದ ಮೇಲೆ ಶುರುವಾಗೋ ಜಗಳ ನಾನು ಬೇಕಾದಷ್ಟು ನೋಡಿದೀನಿ.”

ನೋಡಿ, ನಾನು ಇಷ್ಟು ಮನೆಗಳಲ್ಲಿ ಬಾಳಿದ್ದೇನೆ. ಹುಟ್ಟಿದ ಮನೆ, ಸೇರಿದ ಮನೆ, ಬಾಡಿಗೆಯ ಮನೆಗಳು, ಕೊನೆಗೆ ನಮ್ಮದೇ ಆದ ಈ ಮನೆ. ಇವುಗಳಲ್ಲಿ ಒಂದರಲ್ಲೂ ನಿನಗೇನು ಬೇಕಮ್ಮ ಎಂದು ನನ್ನನ್ನು ಕೇಳಿದವರಿಲ್ಲ. ಈಗ ಮೊದಲ ಸಲ ಒಬ್ಬಳು ಕೇಳಿದ್ದಳು. ಹಾಳೆ ನನ್ನ ಕೈಗೆ ಬರುವಷ್ಟರಲ್ಲಿ ಉತ್ತರ ಭರ್ತಿಯಾಗಿತ್ತು.

ನಾನು ಮೊಸಳೆ ಎಂಬ ಊರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಕೆಂಪು ಶಾಯಿಯ ಪೆನ್ನುಗಳು ಇನ್ನೂ ಒಂದಷ್ಟು ಮನೆಯಲ್ಲಿವೆ. ಒಂದನ್ನು ಹುಡುಕಿ ತಂದು ಯಜಮಾನರ ಸಾಲಿನ ಮೇಲೆ ಅಡ್ಡಗೀಟು ಹಾಕಿದೆ. ಪಕ್ಕದಲ್ಲಿ ನನ್ನ ಕಾಗೆ ಕಾಲಿನಂಥ ಅಕ್ಷರದಲ್ಲಿ ಬರೆದೆ: ಅಡುಗೆಮನೆ ಹಿಂದಿನಿಂದ ಮುಂದಕ್ಕೆ ಬರಬೇಕು. ದೊಡ್ಡ ಕಿಟಕಿ ಇರಬೇಕು. ಕಿಟಕಿಯಲ್ಲಿ ಬೀದಿ ಕಾಣಬೇಕು.

“ಇದೇನೇ ಇದು?” ಎಂದರು ಯಜಮಾನರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. “ಬೀದೀಲಿ ಹೋಗೋರೆಲ್ಲ ನೀನು ಸಾರು ಕುದಿಸೋದು ನೋಡ್ಬೇಕಾ? ಮನೆ ಹೋಟ್ಲು ಥರ ಆಯ್ತದೆ.”

“ಆಗ್ಲಿ ಬಿಡಿ. ಹೋಟ್ಲಲ್ಲಿ ಭಟ್ಟನಿಗಾದ್ರೂ ಬಂದೋರ ಮುಖ ಕಾಣುತ್ತೆ.”

“ಒಗ್ಗರಣೆ ವಾಸ್ನೆ ಬೀದಿಗೆಲ್ಲ ಹೊಡೀತದೆ.”

“ಹೊಡೀಲಿ. ನಾನೇನು ಕದ್ದು ಬೇಯಿಸ್ತಿಲ್ಲ.”

ಈ ಹಟ ನನಗೆ ಇದ್ದಕ್ಕಿದ್ದಂತೆ ಬಂದದ್ದಲ್ಲ. ಇದಕ್ಕೆ ಮೂಲ ಅರಕಲಗೂಡಿನ ಹತ್ತಿರದ ನಮ್ಮೂರಿನ ಮನೆಯಲ್ಲಿದೆ. ಮುಂದೆ ಜಗಲಿ, ಒಳಗೆ ಪಡಸಾಲೆ, ಆಮೇಲೆ ನಡುಮನೆ, ಅದನ್ನೂ ದಾಟಿದರೆ ಅಡುಗೆಮನೆ. ಅಲ್ಲಿ ಬೆಳಕು ಬರಲು ಸೂರಿನಲ್ಲೊಂದು ಬೆಳಕಿಂಡಿ. ಹೊಗೆಯೂ ಅದರಲ್ಲೇ ಹೋಗಬೇಕು, ಬಿಸಿಲೂ ಅದರಲ್ಲೇ ಬರಬೇಕು. ಎರಡೂ ಅರ್ಧಂಬರ್ಧ. ಅವ್ವ ಅದರ ಕೆಳಗೆ ಕೂತು ಮುದ್ದೆ ತಿರುವುತ್ತಿದ್ದಳು. ಜಗಲಿಯಲ್ಲಿ ಮಾತು ಕೇಳಿಸಿತೆಂದರೆ ಅವಳ ಕೈಯಲ್ಲಿನ ಮುದ್ದೆಕೋಲು ಗಕ್ಕನೆ ನಿಲ್ಲುತ್ತಿತ್ತು.

“ಯಾರ್ ಬಂದವ್ರೆ?”

ನನ್ನ ಬಾಲ್ಯದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು. ಹೊರಗಿನವರಿಗೆ ಅದು ಕೇಳಿಸುತ್ತಿರಲಿಲ್ಲ. ಕೇಳಿಸಿದರೂ ಉತ್ತರ ಕೊಡುವುದು ತಮ್ಮ ಕೆಲಸ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಅಪ್ಪ ಕೆಟ್ಟವರಲ್ಲ. ಬಂದವರು ಉಂಡೇ ಹೋಗಬೇಕೆಂಬ ಮನುಷ್ಯ. ಆದರೆ ಎಷ್ಟು ಜನ ಉಣ್ಣುತ್ತಾರೆಂದು ಒಳಗೆ ಒಂದು ಮಾತು ಹೇಳಬೇಕೆಂಬುದು ಅವರಿಗೆ ಹೊಳೆಯುತ್ತಿರಲಿಲ್ಲ. ಅವ್ವ ನನ್ನನ್ನು ಅಟ್ಟುತ್ತಿದ್ದಳು: “ಓಗು, ಜಗಲಿ ಕೆಳಗೆ ಎಷ್ಟು ಜೊತೆ ಎಕ್ಕಡ ಅವೆ ನೋಡ್ಕಂಡ್ ಬಾ.” ನಾನು ಓಡಿಹೋಗಿ ಎಕ್ಕಡ ಎಣಿಸಿಕೊಂಡು ಬಂದು ವರದಿ ಒಪ್ಪಿಸಿದ ಮೇಲೆ ಒಲೆಯ ಮೇಲೆ ಆ ಲೆಕ್ಕಕ್ಕೆ ತಕ್ಕಷ್ಟು ಎಸರು ಏರುತ್ತಿತ್ತು. ನಮ್ಮ ಮನೆಯ ಮುದ್ದೆಯ ಲೆಕ್ಕ ನಡೆಯುತ್ತಿದ್ದದ್ದು ಹೀಗೆ, ಎಕ್ಕಡದ ಮೇಲೆ. ಅದರಲ್ಲೊಂದು ತೊಡಕಿತ್ತು. ಆಗೆಲ್ಲ ಅರ್ಧಕ್ಕರ್ಧ ಜನ ಬರಿಗಾಲಲ್ಲೇ ಓಡಾಡುತ್ತಿದ್ದರು. ಎಲೆಗಳ ಮುಂದೆ ಒಬ್ಬ ಹೆಚ್ಚು ಕೂತಿದ್ದಾನೆಂದು ಗೊತ್ತಾದ ದಿನ ಅವ್ವ ತನ್ನ ಪಾಲಿನ ಮುದ್ದೆಯನ್ನೇ ಈಚೆಗೆ ಕಳಿಸಿ, ನೆಂಚಿಕೊಳ್ಳಲು ಬೆಲ್ಲ ಹುಡುಕಿ ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದಳು.

ಒಂದು ದಿನವಂತೂ ಚೆನ್ನಾಗಿ ನೆನಪಿದೆ. ಹೊಳೆನರಸೀಪುರದ ಕಡೆಯಿಂದ ಅವ್ವನ ಅಪ್ಪ, ನಮ್ಮ ತಾತ, ಬಂದಿದ್ದರು. ಜೊತೆಯಲ್ಲಿ ಎತ್ತು ನೋಡಲು ಬಂದ ಬೇರೆ ಊರಿನ ಗಂಡಸರು. ಪರಗಂಡಸರು ಜಗಲಿಯ ಮೇಲಿದ್ದಾಗ ಸೊಸೆಯಾದವಳು ಈಚೆಗೆ ಬರುವ ಪದ್ಧತಿ ಇರಲಿಲ್ಲ. ಅವ್ವ ಕೆಮ್ಮಿನಲ್ಲೇ ಗುರುತು ಹಿಡಿದಳು. “ನಮ್ಮಪ್ಪ ಕಣೇ!” ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೆ. ನನ್ನ ಕೈಯಲ್ಲಿ ಮಜ್ಜಿಗೆ ಕಳಿಸಿದಳು. ಎಕ್ಕಡ ಎಣಿಸಿಕೊಂಡು ಬಾ ಎನ್ನಲಿಲ್ಲ. ಸೆರಗು ಸರಿಮಾಡಿಕೊಂಡು, ಎಸರಿಟ್ಟು, ಆ ಗಂಡಸರು ಯಾವಾಗ ಏಳುತ್ತಾರೋ ಎಂದು ನಡುಮನೆಯ ಬಾಗಿಲ ಕಡೆಗೇ ಕಿವಿ ಕೊಟ್ಟು ಕೂತಳು. ಎಸರು ಕುದಿಯಿತು, ಹಿಟ್ಟು ಬಿತ್ತು, ಮುದ್ದೆ ಬೆಂದಿತು. ಅಷ್ಟರಲ್ಲಿ ಊರಬಾಗಿಲಲ್ಲಿ ಬಸ್ಸಿನ ಹಾರನ್ನು. ಎತ್ತು ನೋಡಲು ಬಂದವರು ಎದ್ದರು. ಅವರ ಜೊತೆ ತಾತನೂ ಎದ್ದರು.

“ಅವ್ವಂಗೆ ಯೋಳ್ಬುಡು ಮಗ, ಇನ್ನೊಂದ್ ಕಿತ ಬತ್ತೀನಿ ಅಂತ. ಬಸ್ಸು ಒಂಟೋಯ್ತದೆ” ಎಂದು ನನ್ನ ತಲೆ ಸವರಿ ಹೊರಟುಹೋದರು.

ನಾನು ಒಳಗೆ ಓಡಿ ಹೇಳಿದೆ. ಅವ್ವ ಹಿಟ್ಟು ಮೆತ್ತಿದ ಮುದ್ದೆಕೋಲನ್ನು ಹಿಡಿದುಕೊಂಡೇ ಜಗಲಿಗೆ ಬಂದಳು. ಅಲ್ಲಿ ಮಜ್ಜಿಗೆಯ ಖಾಲಿ ಲೋಟ ಇತ್ತು. ಅದನ್ನು ತೆಗೆದುಕೊಂಡು ಒಳಗೆ ಹೋದಳು.

ತಾತ ಆಮೇಲೆ ಎಷ್ಟೋ ಸಲ ಬಂದರು, ಉಂಡರು, ಮಗಳ ಜೊತೆ ಕೂತು ಮಾತಾಡಿದರು. ಯಾವ ಅನಾಹುತವೂ ಆಗಲಿಲ್ಲ. ಆದರೂ ಆ ಲೋಟ ಎತ್ತಿಕೊಂಡಾಗಿನ ಅವ್ವನ ಮುಖ ನೆನೆದರೆ ನನಗೆ ಇವತ್ತಿಗೂ ದುಃಖವಾಗುತ್ತದೆ, ಅದರ ಬೆನ್ನಿಗೇ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ. ತಾತನ ಮೇಲಲ್ಲ, ಅಪ್ಪನ ಮೇಲೂ ಅಲ್ಲ. ಆ ಮನೆಯ ಮೇಲೆ. ಜಗಲಿಗೂ ಒಲೆಗೂ ನಡುವೆ ಅಷ್ಟೊಂದು ಗೋಡೆ ಎಬ್ಬಿಸಿದ್ದಾರಲ್ಲ, ಆ ಲೆಕ್ಕಾಚಾರದ ಮೇಲೆ.

ನಾನು ಓದಿದೆ, ಕೆಲಸಕ್ಕೆ ಸೇರಿದೆ, ಬಸ್ಸಿನಲ್ಲಿ ನಿಂತುಕೊಂಡು ಊರೂರು ತಿರುಗಿದೆ. ಮನೆಗೆ ಬಂದ ಮೇಲೆ ಮಾತ್ರ ಅದೇ ಹಿಂದುಗಡೆಯ ಅಡುಗೆಮನೆ. ಈ ಮನೆ ಕಟ್ಟುವಾಗ ಯಜಮಾನರೂ ಮೇಸ್ತ್ರಿಯೂ ಬಯಲಲ್ಲಿ ಸುಣ್ಣದ ಗೆರೆ ಹಾಕಿಕೊಂಡು ನಿಂತಿದ್ದರು, ನಾನು ಅವರಿಗೆ ಕಾಫಿ ಕೊಟ್ಟು ಬಂದೆ. “ಅಡುಗೆಮನೆಗೆ ಕಿಟಕಿ ಇಟ್ಟಿದೀನಿ ಕಣೇ” ಎಂದು ಯಜಮಾನರು ಹೆಮ್ಮೆಯಿಂದ ಹೇಳಿದರು. ನಿಜ, ಇಟ್ಟಿದ್ದರು. ಆಗ ಆಚೆ ಸೈಟು ಖಾಲಿ ಇತ್ತು, ಒಂದು ಹೊಂಗೆ ಮರ ಕಾಣುತ್ತಿತ್ತು. ಆಮೇಲೆ ಅಲ್ಲೊಂದು ಮನೆ ಎದ್ದಿತು. ಆವತ್ತಿನಿಂದ ನನಗೆ ಕಾಣುವುದು ಆ ಮನೆಯ ಗೋಡೆ. ಮಳೆನೀರು ಇಳಿದಿಳಿದು ಅದರ ಮೇಲೊಂದು ಕಲೆ ಬಿದ್ದಿದೆ. ಆ ಕಲೆ ಪ್ರತಿ ಮಳೆಗಾಲಕ್ಕೆ ಎಷ್ಟು ಬೆಳೆಯುತ್ತದೆಂದು ಆ ಮನೆಯವರಿಗಿಂತ ನನಗೆ ಚೆನ್ನಾಗಿ ಗೊತ್ತು.

ಹೀಗಾಗಿ ನಾನೂ ಅವ್ವನ ಹಾಗೆ ಕಿವಿಯಲ್ಲೇ ಲೋಕ ನೋಡತೊಡಗಿದೆ. ಸೊಪ್ಪಿನವಳ ಕೂಗು, ಎದುರು ಮನೆಯ ಸ್ಕೂಟರು, ಗೇಟಿನ ಚಿಲಕ ತೆಗೆಯುವ ರೀತಿ, ಎಲ್ಲವೂ ಗೊತ್ತು ಎಂಬ ಜಂಬವೂ ಇತ್ತು. ಆ ಜಂಬ ಒಂದು ದಿನ ಸರಿಯಾಗಿ ಇಳಿಯಿತು. ಒಗ್ಗರಣೆ ಚಟಪಟ ಎನ್ನುತ್ತಿದ್ದಾಗ ಬಾಗಿಲಲ್ಲಿ “ಅಮ್ಮಾ” ಎಂಬ ದಪ್ಪ ದನಿ ಕೇಳಿಸಿತು. ಗ್ಯಾಸಿನವನೇ ಎಂದು ನಿರ್ಧರಿಸಿ ಒಳಗಿನಿಂದಲೇ ಕೂಗಿದೆ: “ಅಲ್ಲೇ ಚಪ್ಪಲಿ ಸ್ಟ್ಯಾಂಡ್ ಪಕ್ಕ ಇಟ್ಟು ಹೋಗಪ್ಪ, ಒಳಗೆ ಬರಬೇಡ!” ಈಚೆ ಬಂದು ನೋಡಿದರೆ ಸಿಲಿಂಡರ್ ಇಲ್ಲ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಯಜಮಾನರ ಕಾಲೇಜಿನ ಪ್ರಿನ್ಸಿಪಾಲರು ಮಗಳ ಮದುವೆಗೆ ಕರೆಯಲು ಬಂದಿದ್ದರು! ಪಾಪ, ಹೇಳಿದಲ್ಲೇ ಇಟ್ಟು ಹೊರಟುಹೋಗಿದ್ದರು. ಆ ಮದುವೆಯ ಊಟಕ್ಕೆ ನಾನು ಹೋಗಲಿಲ್ಲ. ಹೋದ ಯಜಮಾನರು ತಲೆಯೆತ್ತದೆ ಉಂಡು ಬಂದರಂತೆ.

ಶಾಲೆಯಲ್ಲೂ ನನಗೆ ಇದು ಕಂಡಿದ್ದೇ. ಕಿಟಕಿಯ ಪಕ್ಕ ಕೂತ ಮಕ್ಕಳೇ ತರಗತಿಯ ದೊರೆಗಳು. “ಮಿಸ್, ಸಾಹೇಬ್ರು ಬತ್ತಾವ್ರೆ!” ಎಂದು ಮೊದಲು ಕೂಗುವವರು ಅವರೇ. ಅವರ ಕೃಪೆಯಿಂದಲೇ ನಾನು ಸೊಗಡಿನ ಅವರೆಕಾಯಿಯ ಚೀಲವನ್ನು ಮೇಜಿನ ಕೆಳಗೆ ತಳ್ಳಿ ಸೀಮೆಸುಣ್ಣ ಕೈಗೆ ತೆಗೆದುಕೊಂಡದ್ದುಂಟು. ಯಾರು ಬರುತ್ತಿದ್ದಾರೆಂದು ಮೊದಲೇ ತಿಳಿದವರ ಕೈಯಲ್ಲಿ ಒಂದು ಅಧಿಕಾರವಿರುತ್ತದೆ. ಮನೆಯಲ್ಲಿ ಆ ಅಧಿಕಾರ ಯಾರದಾಗಿತ್ತು ಹೇಳಿ? ಮುಂದಿನ ಹಾಲ್‌ನ ಕಿಟಕಿಯ ಹತ್ತಿರ ಒಂದು ಮೇಜು, ಒಂದು ಕುರ್ಚಿ. ಅಲ್ಲಿ ಪೇಪರ್ ಬಿಡಿಸಿಕೊಂಡು ಯಜಮಾನರು.

ಈಗ ನಿಮಗೆ ಅರ್ಥವಾಗಿರಬೇಕು. ನಾನು ಕೇಳಿದ್ದು ಅವರ ಜಾಗವನ್ನೇ.

ಅವರು ನನ್ನ ಹಾಳೆಗೆ ಸಹಿ ಹಾಕಲಿಲ್ಲ. ನಾನು ಅವರ ಹಾಳೆಗೆ ಹಾಕಲಿಲ್ಲ. ಸಿಂಚನ ಫೋನು ಮಾಡಿ, “ಆಂಟಿ, ನೀರಿನ ಲೈನ್ ಎಲ್ಲ ಮುಂದಕ್ಕೆ ತರಬೇಕಾಗುತ್ತೆ. ಎಲಿವೇಷನ್ನೂ, ಅಂದ್ರೆ ಮನೆ ಮುಂದಿನ ನೋಟಾನೂ ಬದಲಾಗುತ್ತೆ. ಯೋಚ್ನೆ ಮಾಡಿ” ಎಂದಳು. “ಯೋಚ್ನೆ ಮಾಡೇ ಬರ್ದಿದೀನಿ ಕಣಮ್ಮ” ಎಂದೆ. ಅತ್ತ ಸೂರು ಸೋರುತ್ತಿತ್ತು, ಇತ್ತ ನಾವಿಬ್ಬರೂ ತಗ್ಗಲಿಲ್ಲ. ಒಂದು ಬೆಳಿಗ್ಗೆ ಅವರು ವಾಕಿಂಗ್ ಹೋದಾಗ ನಾನು ಸಿಲಿಂಡರನ್ನು ಉರುಳಿಸಿಕೊಂಡು ಬಂದು, ಅವರ ಪೇಪರ್ ಮೇಜಿನ ಮೇಲೆ ಗ್ಯಾಸ್ ಒಲೆ ಇಟ್ಟೆ. ಸೊಂಟ ಹಿಡಿದುಕೊಂಡಿತು, ಅದನ್ನು ಯಾರಿಗೂ ಹೇಳಲಿಲ್ಲ. ಅವರು ವಾಪಸು ಬಂದಾಗ ಕಿಟಕಿಯಲ್ಲಿ ನಾನು ನಿಂತಿದ್ದೆ. ಬೀದಿಯ ತಿರುವಿನಲ್ಲೇ ಅವರನ್ನು ಕಂಡು ಹಾಲು ಬಿಸಿಗಿಟ್ಟಿದ್ದೆ.

“ಕಾಫಿ ರೆಡಿ” ಎಂದೆ.

“ನನ್ನ ಪೇಪರ್ ಎಲ್ಲಿ?” ಎಂದರು.

“ಅಡುಗೆಮನೇಲಿ. ಅಲ್ಲಿ ಕಿಟಕಿ ಇದೆಯಲ್ಲ.”

ಅವರು ಚನ್ನರಾಯಪಟ್ಟಣಕ್ಕೆ ಫೋನು ಮಾಡಿದರು. ಅಲ್ಲಿ ಅವರ ಅಣ್ಣ, ಅಂದರೆ ನಮ್ಮ ಭಾವ, ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದಾರೆ. ನಮ್ಮ ಕುಟುಂಬದ ಯಾವ ವ್ಯಾಜ್ಯವಾದರೂ ಕೊನೆಗೆ ಹೋಗುವುದು ಅವರ ಮುಂದಕ್ಕೆ. ಜೊತೆಗೆ ಅವರಿಗೆ ವಾಸ್ತು ಬೇರೆ ಗೊತ್ತು. ಮಾರನೆಯ ಮಧ್ಯಾಹ್ನ ಭಾವ ಆಟೋ ಇಳಿಯುವುದು ಕಿಟಕಿಯಲ್ಲಿ ಕಂಡಿತು. ನಾನು ಎಸರು ಏರಿಸಿದೆ. ಅವರು ಆಟೋದವನ ಜೊತೆ ಚೌಕಾಸಿ ಮುಗಿಸಿ, ಎದುರು ಮನೆಯವರನ್ನು ಮಾತಾಡಿಸಿ, ಒಳಗೆ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಮುದ್ದೆ ತಟ್ಟೆಯಲ್ಲಿತ್ತು. ಸೊಪ್ಪಿನ ಸಾರಿನ ಮೇಲೆ ತುಪ್ಪವೂ ಬಿದ್ದಿತ್ತು.

ಭಾವ ಮೊದಲ ತುತ್ತು ನುಂಗಿ ಶುರುಮಾಡಿದರು. “ನೋಡವ್ವ, ಮನೆ ಉತ್ತರಕ್ಕೆ ಮುಖ ಮಾಡ್ಕಂಡದೆ. ಒಲೆ ಇರ್ಬೇಕಾದ್ದು ಇಂದ್ಗಡೆ ಆಗ್ನೇಯದಲ್ಲಿ. ಅದ್ನ ಬುಟ್ಟು ವಾಯವ್ಯಕ್ಕೆ ತಂದ್ರೆ ಮನೆ ಎಣ್ಣುಮಗಳು ಮನೇಲಿ ನಿಲ್ಲಾಕಿಲ್ಲ ಅಂತಾರೆ.”

“ಆಗ್ನೇಯದಲ್ಲಿ ನಿಂತಿದ್ದು ಸಾಕಾಗಿದೆ ಭಾವ. ಇನ್ನು ಸ್ವಲ್ಪ ಓಡಾಡ್ತೀನಿ ಬಿಡಿ.”

“ತಮಾಸೆ ಅಲ್ಲ ಕಣವ್ವ. ಎಣ್ಣು ಅಂದ್ರೆ ಮನೆ ಲಕ್ಸ್ಮಿ.”

“ದೊಡ್ಡಗದ್ದವಳ್ಳಿಗೆ ಹೋಗಿದೀರಲ್ಲ ಭಾವ? ಅಲ್ಲಿ ಲಕ್ಷ್ಮೀದೇವಿ ಹೆಂಗೆ ನಿಂತಿದ್ದಾಳೆ? ಬಂದೋರಿಗೆ ಮುಖ ಕೊಟ್ಟು ನಿಂತಿದ್ದಾಳೆ. ಪಕ್ಕದ ಮನೆ ಗೋಡೆ ನೋಡ್ಕೊಂಡು ನಿಂತಿಲ್ಲ.”

ಬಾಯಲ್ಲಿ ಮುದ್ದೆಯ ತುತ್ತು ಇರುವ ಮನುಷ್ಯ ವಾದ ಮಾಡಲಾರ. ಭಾವ ತಟ್ಟೆ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಇನ್ನೊಂದು ಮುದ್ದೆ ಬಡಿಸಿದೆ. ಅದರಿಂದಲೂ ಹಬೆ ಏಳುತ್ತಿತ್ತು. ಊಟ ಮುಗಿಸಿ ಕೈ ತೊಳೆದು ಬಂದವರು ತಮ್ಮನ ಕಡೆ ತಿರುಗಿ, “ಸೈನು ಆಕ್ಬುಡ್ಲಾ ಅತ್ಲಾಗೆ. ನಿಮ್ಮನೇಲಿ ನಾನು ಇಷ್ಟು ಬಿಸಿ ಮುದ್ದೆ ಉಂಡಿದ್ದು ಇವತ್ತೇಯ” ಎಂದರು.

ಯಜಮಾನರು ಸಹಿ ಹಾಕಿದರು. ಆದರೆ ಸುಮ್ಮನೆ ಹಾಕುವವರೇ? ಸಹಿಯ ಕೆಳಗೆ ಆ ದುಂಡನೆಯ ಅಕ್ಷರದಲ್ಲಿ ‘ಆಕ್ಷೇಪಣೆಯೊಂದಿಗೆ’ ಎಂದು ಸೇರಿಸಿದರು. ಅದಕ್ಕೂ ಒಂದು ಚೊಕ್ಕವಾದ ಗೆರೆ ಎಳೆದರು. ಹಾಳೆ ನೋಡಿದ ಸಿಂಚನ ನಕ್ಕು, “ಅಂಕಲ್‌ಗೆ ಓದೋಕೆ ಒಂದು ಜಾಗ ಬೇಕಲ್ಲ ಆಂಟಿ?” ಎಂದು ಕೇಳಿದಳು. ನಾನು ಅದನ್ನೂ ಯೋಚಿಸಿದ್ದೆ. ಹಳೆಯ ಅಡುಗೆಮನೆಯೇ ಅವರ ಓದುವ ಕೋಣೆ. ಶಾಂತವಾದ ಜಾಗ. ಯಾರ ಕಾಟವೂ ಇಲ್ಲ.

ಕೆಲಸ ಮುಗಿಯಿತು. ಮುಂದೆ ಅಡುಗೆಮನೆ. ಕಿಟಕಿಗೆ ಹೊಂದಿಕೊಂಡು ಕೂರಲು ಒಂದು ಕಟ್ಟೆ, ಅದರ ಪಕ್ಕ ಮುದ್ದೆ ತಿರುವಲು ನೆಲದಲ್ಲಿ ಅಗಲವಾದ ಜಾಗ. ಬೀದಿಯಲ್ಲಿ ಮಾತು ಬರದೆ ಇರಲಿಲ್ಲ. ಎದುರು ಮನೆಯಾಕೆ, “ಏನ್ರೀ ಮಿಸ್ಸು, ನೀವ್ ಏನ್ ಬೇಯಿಸ್ತೀರಿ ಅಂತ ನಮಗೆಲ್ಲ ಗೊತ್ತಾಯ್ತದಲ್ರೀ” ಎಂದು ಮೂಗು ಮುರಿದರು. “ಗೊತ್ತಾದ್ರೆ ತಟ್ಟೆ ತಗೊಂಡು ಬನ್ನಿ” ಎಂದೆ. ಒಂದು ದಿನ ಬಂದೇಬಿಟ್ಟರು. ಅದು ಬೇರೆ ಕತೆ.

ಹಾಲುಕ್ಕಿಸುವ ದಿನ ನನ್ನ ತಮ್ಮ ಅರಕಲಗೂಡಿನಿಂದ ಅವ್ವನನ್ನು ಕರೆದುಕೊಂಡು ಬಂದ. ಎಲ್ಲರೂ ಹೋದ ಮೇಲೆ ಅವಳನ್ನು ನಾನೇ ಉಳಿಸಿಕೊಂಡೆ. ಈಗ ಅವಳ ಬೆನ್ನು ಬಾಗಿದೆ. ಕಣ್ಣು ಮಾತ್ರ ಆಪರೇಷನ್ ಆದಮೇಲೆ ನನಗಿಂತ ಚುರುಕು. ಮೊದಲು ಅವಳು ಕಟ್ಟೆಯ ಮೇಲೆ ಕೂರಲೇ ಇಲ್ಲ. ಒಲೆಯ ಮುಂದೆ ನಿಂತು ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದೆಂದರೆ ಅವಳಿಗೆ ಏನೋ ಇರುಸುಮುರುಸು. ಸೆರಗು ಎಳೆದುಕೊಂಡು ಗೋಡೆಯ ಮರೆಗೆ ಸರಿಯುತ್ತಿದ್ದಳು. ಮೂರು ನಾಲ್ಕು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಮಡಿಲಲ್ಲಿ ಅವರೆಕಾಯಿ ಸುಲಿದುಕೊಳ್ಳುತ್ತಾ ಸೊಪ್ಪಿನವಳ ಹತ್ತಿರ ಅವಳ ಗಂಡನ ಊರು ಯಾವುದೆಂದು ವಿಚಾರಿಸುತ್ತಿದ್ದಾಳೆ.

ಅವತ್ತು ಮಧ್ಯಾಹ್ನ ನಾನು ಎಸರಿಟ್ಟು ಹಿಟ್ಟು ಅಳೆಯುತ್ತಿದ್ದೆ. ಯಜಮಾನರು ಹಿಂದೆ ತಮ್ಮ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಅವ್ವ ಕಿಟಕಿಯಿಂದ ಕಣ್ಣು ತೆಗೆಯದೆ, “ಎಸರಿಗೆ ಇನ್ನೊಂಚೂರು ನೀರು ಉಯ್ಯಿ” ಎಂದಳು.

“ಯಾಕವ್ವ?”

“ನಿನ್ ಮಗಳು ಬತ್ತಾವ್ಳೆ. ತಿರುವಿನಲ್ಲಿ ಆಟೋ ಇಳುದ್ಲು.”

ನಾನು ಬಗ್ಗಿ ನೋಡಿದೆ. ಹೊಳೆನರಸೀಪುರಕ್ಕೆ ಕೊಟ್ಟ ನನ್ನ ಮಗಳು, ಮುಂಚೆ ಒಂದು ಮಾತೂ ಹೇಳದೆ, ಬ್ಯಾಗು ಹೆಗಲಿಗೇರಿಸಿಕೊಂಡು ಬರುತ್ತಿದ್ದಳು. ಕಿಟಕಿಯಲ್ಲಿ ಅಜ್ಜಿಯನ್ನು ಕಂಡವಳೇ ಬೀದಿಯಿಂದಲೇ ಕೈ ಬೀಸಿದಳು. ಅವ್ವ ಸುತ್ತ ಒಮ್ಮೆ ನೋಡಿ ತಾನೂ ಕೈ ಎತ್ತಿದಳು. ನಾನು ನೀರು ಉಯ್ಯುವ ನೆಪದಲ್ಲಿ ಅತ್ತ ತಿರುಗಿದೆ. ಗೇಟಿನ ಚಿಲಕ ಸದ್ದಾಯಿತು.

ಆಗ ಹಿಂದಿನ ಕೋಣೆಯಿಂದ ಯಜಮಾನರ ದನಿ ಬಂತು: “ಯಾರೇ ಅದು ಬಂದಿರೋದು?”

ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಅವ್ವ ನನ್ನ ಕೈ ಹಿಡಿದಳು. ಅಳಿಯನ ಎದುರು ಇವತ್ತಿಗೂ ತಲೆಯ ಮೇಲಿನ ಸೆರಗು ಜಾರಲು ಬಿಡದ ನನ್ನ ಅವ್ವ.

“ಸುಮ್ಕಿರು” ಎಂದಳು ಮೆಲ್ಲಗೆ. “ಬೇಕಾದ್ರೆ ಎದ್ದು ಬತ್ತಾರೆ.”

ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಒಳಗಿನಿಂದ ಮತ್ತೊಮ್ಮೆ ಕೂಗು ಬಂತು, “ಯಾರೇ? ಯಾರು ಬಂದಿರೋದು?” ನಾವಿಬ್ಬರೂ ಎಸರು ಕುದಿಯುವುದನ್ನು ನೋಡುತ್ತಾ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.